ಎರಡು ಹಿಡಿ ಹಿಟ್ಟು

ಗುಂಯ್ ಎನ್ನುವ ಸದ್ದು ಆ ರಾತ್ರಿಯೂ ಶುರುವಾಯಿತು. ಓಣಿಯೆಲ್ಲ ಮಲಗಿದ ಮೇಲೆ, ನಡುಗೋಡೆಯ ಆಚೆಯಿಂದ, ನೆಲದೊಳಗಿಂದ ಎದ್ದು ಬಂದಂತೆ ಬರುವ ಸದ್ದು. ಮಾಳಮ್ಮ ಎದ್ದು ಕುಳಿತಳು. ಗಂಡ ಬಾಲಪ್ಪ ಗೋಡೆಗೆ ಬೆನ್ನು ಮಾಡಿ ಮಲಗಿದ್ದ. ಕುರಿ ಕಾಯ್ದು ಬಂದು ತಲೆ ಊರಿದರೆ ಗುಡುಗಿಗೂ ಏಳದವನು, ಈಗ ಕಣ್ಣು ಬಿಟ್ಟುಕೊಂಡೇ ಇದ್ದ.

“ಕೇಳಾಕತ್ತೈತೇನ್ರಿ?”

“ಕೇಳಾಕತ್ತೈತಿ. ಮಕ್ಕೊ.”

“ಬೀಸೋ ಕಲ್ಲಿನ ಸಪ್ಪಳ ಅದು. ಆ ಮನ್ಯಾಗ ಲೂಟಿ ಮಾಡಿದ ಮಂದಿ ಒಂದು ಕಾಳು ಉಳಿಸಿಲ್ಲ. ಏನು ಬೀಸ್ತಾಳ ಆಕಿ? ಬರೇ ಕಲ್ಲಾಗಿದ್ರ ಕರಕರ ಅಂತಿತ್ತು.”

ಆಚೆ ಮನೆ ಪಾತ್ರೆಗಳಿಗೆ ಕಲಾಯಿ ಹಾಕುವ ವಹಾಬನದು. ಹಿಂದೂಸ್ತಾನದ ದಂಡು ಬಂದು ನಿಜಾಮನ ಆಳ್ವಿಕೆ ಮುಗಿದ ಗದ್ದಲದ ವಾರ, ಶಹಾಪುರಕ್ಕೆಂದು ಹೊರಟ ವಹಾಬ ತಿರುಗಿ ಬರಲಿಲ್ಲ. ಅವರ ಊರು ಸಗರದಲ್ಲಿ ಯಾರ ಮನೆಯಲ್ಲೇ ಸಾವಾಗಲಿ, ಹಿಂದೂಗಳಿರಲಿ ಸಾಬರಿರಲಿ, ಮೂರು ದಿನ ಆ ಮನೆಯ ಬೀಸುವ ಕಲ್ಲು ನಿಲ್ಲುತ್ತದೆ. ನೆರೆಯವರು ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆ. ಮಾಳಮ್ಮನೂ ಒಯ್ದಿದ್ದಳು. ವಹಾಬನ ಹೆಂಡತಿ ಜೈತುನಬೀ ಬಾಗಿಲಲ್ಲೇ ತಡೆದು, “ನಮ್ಮನ್ಯಾಗ ಯಾರೂ ಸತ್ತಿಲ್ಲಕ್ಕ” ಎಂದು ಗಂಟನ್ನು ಮುಟ್ಟದೆ ಕಳಿಸಿದ್ದಳು. ಸದ್ದು ಶುರುವಾದದ್ದು ಅಂದಿನ ರಾತ್ರಿಯಿಂದ.

ಆದರೆ ವಹಾಬ ಸತ್ತಿದ್ದ. ಹಳ್ಳದ ಜಾಲಿ ಮೆಳೆಯ ಹತ್ತಿರ ಕುರಿಗಳು ಬೆದರಿ ನಿಂತಾಗ ಇಣುಕಿ ನೋಡಿದವನು ಬಾಲಪ್ಪ. ತನ್ನ ಕಂಬಳಿ ಹೊದಿಸಿ ಮಣ್ಣು ಮಾಡಿದವನೂ ಅವನೇ. ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೊಂದವರು ಇದೇ ಸೀಮೆಯಲ್ಲಿ ಮೀಸೆ ತಿರುವಿಕೊಂಡು ಓಡಾಡುತ್ತಿದ್ದರು, ಅವನಿಗೆ ಅವರ ಹೆದರಿಕೆ. ಹೇಳದೆ ಉಳಿದ ಸಂಕಟ ಆ ಹೆದರಿಕೆಗಿಂತ ದೊಡ್ಡದಾಗಿತ್ತು.

“ಹೇಳಿಬಿಡೂನ್ರಿ,” ಎಂದಳು ಮಾಳಮ್ಮ.

“ಯಾವ ಬಾಯಿಲೆ ಹೇಳ್ತಿ? ಆ ಕಲ್ಲು ತಿರುಗಾಕತ್ತೈತಿ ನೋಡು. ಅದನ್ನ ನಿಂದ್ರಸೋ ಧೈರ್ಯ ಐತೇನು ನಿನಗ?”

ಇರಲಿಲ್ಲ. ಆದರೆ ಮನುಷ್ಯ ಸತ್ತಿದ್ದಕ್ಕೆ ಊರಲ್ಲಿ ಒಂದು ಕಲ್ಲಾದರೂ ನಿಲ್ಲಬೇಕಲ್ಲ. ತನ್ನ ಮನೆಯ ಕಲ್ಲನ್ನೇ ಮೂರು ದಿನ ಮುಟ್ಟಬಾರದೆಂದು ಅವಳು ಆಗಲೇ ನಿಶ್ಚಯ ಮಾಡಿದಳು.

ಬೆಳಗಾದ ಮೇಲೆ ಮೊರದ ತುಂಬ ಜೋಳ ಹಿಡಿದು ಆಚೆ ಮನೆಗೆ ಹೋದಳು. ರೊಟ್ಟಿ ಒಯ್ದರೆ ಸಾವು, ಜೋಳ ಒಯ್ದರೆ ಬರೀ ಜೋಳ.

“ನಮ್ಮ ಕಲ್ಲು ಸವದೈತಿ ತಂಗಿ. ಇಷ್ಟು ಬೀಸಿಕೊಡು. ಅರ್ಧ ನೀ ಇಟ್ಕೊ.”

ಜೈತುನಬೀಯ ಗಲ್ಲದ ಎಲುಬುಗಳು ಎದ್ದು ಕಾಣುತ್ತಿದ್ದವು. ಕಲ್ಲಿನ ಸುತ್ತ ಬೂದು ಬಣ್ಣಕ್ಕೆ ತಿರುಗಿದ ಒಂದಿಷ್ಟು ಹಿಟ್ಟು ಬಿದ್ದಿತ್ತು. ಮಾಳಮ್ಮ ಮುಟ್ಟಿ ನೋಡಿದಳು. ವಿಭೂತಿಗಿಂತ ನುಣ್ಣಗಿತ್ತು.

“ದಿನಾ ಇದನ್ನ ಬೀಸ್ತಿಯೇನು?”

“ಎರಡು ಹಿಡಿ ಉಳದಿತ್ತು.”

“ನಿಮ್ಮ ಅತ್ತಿಗಿ, ನಿನಗ ಒಂದೊಂದು ರೊಟ್ಟಿ ಆಗ್ತಿತ್ತಲ್ಲ. ಬರೇ ಸೊಪ್ಪು ಕುದಿಸಿ ತಿಂತೀರಿ.”

“ತಿಂದ್ರ ಕಲ್ಲಿಗೇನು ಹಾಕ್ಲಿ?” ಜೈತುನಬೀ ಒಳಕೋಣೆಯತ್ತ ನೋಡಿದಳು. ಅಲ್ಲಿ ಅತ್ತೆ ಹಜರಾಬೀ ಹಾಸಿಗೆ ಹಿಡಿದು ಮಲಗಿದ್ದಳು. “ಕಲ್ಲು ನಿಂತ್ರ ನನ್ನ ಮಗನ್ನ ನೀನ ಕೊಂದಂಗ ಅಂತಾಳ ಅತ್ತಿ. ಸಪ್ಪಳ ಇದ್ರ ನಿದ್ದಿ ಮಾಡ್ತಾಳ.”

ಹಾಗೆನ್ನುತ್ತಲೇ ಹಳೆಯ ಹಿಟ್ಟನ್ನು ಬದಿಗೆ ಸರಿಸಿ, ಜೋಳ ಹಾಕಿ ಬೀಸತೊಡಗಿದಳು. ನಾಲ್ಕು ಸುತ್ತು ತಿರುಗಿಸಿ ಕೇಳಿದಳು:

“ನಿನ್ನ ಕಲ್ಲು ಎಷ್ಟು ದಿನ ನಿಂದ್ರಸ್ತಿ ಅಕ್ಕ?”

“ಮೂರು ದಿನ,” ಎಂದುಬಿಟ್ಟಳು ಮಾಳಮ್ಮ.

ಜೈತುನಬೀಯ ಕೈ ನಿಂತಿತು. ಬಹಳ ಹೊತ್ತು ಅವಳು ಮಾಳಮ್ಮನ ಮುಖವನ್ನೇ ನೋಡಿದಳು. ಆಮೇಲೆ ದನಿಯಿಲ್ಲದೆ, ಬರೀ ತುಟಿಯಲ್ಲಿ ಕೇಳಿದಳು:

“ಮಣ್ಣರೆ ಆತೇನಕ್ಕ?”

“ಆಗೈತಿ ತಂಗಿ. ನಮ್ಮ ಮನಿಯವರ ಮಾಡ್ಯಾರ.”

ಮಾಳಮ್ಮನಿಗೆ ಅಳು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡಳು. ಜೈತುನಬೀ ಅಳಲಿಲ್ಲ. ಕೈಯಲ್ಲಿನ ಬಳೆಗಳನ್ನು ಒಂದು ಸಲ ಮುಟ್ಟಿಕೊಂಡಳು, ಅಷ್ಟೆ.

ಒಳಗಿನಿಂದ ಮುದುಕಿಯ ದನಿ ಬಂತು. “ಜೈತೂನ, ಕಲ್ಲ್ಯಾಕ ನಿಂತೈತಿ?”

ಜೈತುನಬೀ ಇನ್ನೊಂದು ಹಿಡಿ ತುಂಬಿಕೊಂಡು ಕಲ್ಲಿನ ಗೂಟ ಹಿಡಿದಳು.

“ಜೋಳ ಹಾಕಾಕತ್ತೇನ್ರಿ ಅತ್ತಿ,” ಎಂದಳು. “ನಿಮ್ಮ ಮಗ ಹಸದು ಬರ್ತಾನ.”