ಬೀಗರೆದುರು ನಿನ್ನೆಯ ಕಂತು

ಧಾರಾವಾಹಿಯ ಒಪ್ಪಂದಕ್ಕೆ ರುಜು ಹಾಕಿದ ದಿನದಿಂದ ನಟಿ ಮಂದಾಕಿನಿಯ ನಾಲಿಗೆ ಲೇಖಕ ಶೇಷಗಿರಯ್ಯನವರು ಬರೆದದ್ದನ್ನು ಬಿಟ್ಟು ಬೇರೇನನ್ನೂ ಆಡುತ್ತಿರಲಿಲ್ಲ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲೂ ಅವರೇ ಬರೆದು ಕಳಿಸಬೇಕು; ಹೊಸದು ಬರದಿದ್ದರೆ ಹಿಂದಿನ ಕಂತಿನ ಮಾತೇ ಗತಿ.

ಇವತ್ತು ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ನಾಲ್ಕು ಮೆತ್ತನೆಯ ಮಾತು ಬರೆದುಕೊಡಿ ಎಂದು ಮಂದಾಕಿನಿಯ ಗಂಡ ವಾರವಿಡೀ ಶೇಷಗಿರಯ್ಯನವರ ಬಾಗಿಲು ಕಾದಿದ್ದ. ಆ ಪುಣ್ಯಾತ್ಮ ಮರೆತೇಬಿಟ್ಟಿದ್ದರು.

ಗಂಡಿನವರು ಬಂದು ಕೂತರು. ಕಾಫಿ ತಗೊಳ್ಳಿ ಎನ್ನಲು ಮಂದಾಕಿನಿ ಬಾಯಿ ತೆರೆದಳು.

"ನಾನು ಬದುಕಿರೋವರೆಗೂ ಈ ಮದುವೆ ನಡೆಯೋಕೆ ಬಿಡಲ್ಲ!"

ಗಂಡಿನ ತಾಯಿ ದಡಕ್ಕನೆ ಎದ್ದರು. ಕೆಟ್ಟಿತು ಎಂದುಕೊಂಡು ಮಂದಾಕಿನಿ ಕಣ್ಣು ಮುಚ್ಚಿದಳು.

"ಅಯ್ಯೋ, ಇದು ನಿನ್ನೆ ಕಂತಲ್ಲಿ ಶೇಷಗಿರಯ್ಯನೋರು ಬರೆದಿದ್ದಲ್ವಾ, ನಾನು ಒಂದು ಕಂತೂ ಬಿಟ್ಟಿಲ್ಲ!" ಗಂಡಿನ ತಾಯಿಯ ದನಿ ಸಂಭ್ರಮದಿಂದ ಉಕ್ಕುತ್ತಿತ್ತು. "ಮದುವೆ ಮನೇಲಿ ಬೀಗರ ಜಗಳಾನೂ ಅವರೇ ಬರೀತಾರೆ ಅನ್ನೋದಾದ್ರೆ, ನಮಗೆ ಒಪ್ಪಿಗೆ ಕಣ್ರೀ!"