ಎರಡು ಬೀಗ, ಒಂದು ಖೋ

"ಆ ಮನುಷ್ಯನ ಮಾರಿ ನೋಡಿದ್ರೆ ನಂಗೆ ಅನ್ನ ಇಳಿಯಲ್ಲ ತಾಯಿ," ಎಂದು ಪಾಲಣ್ಣ ಪ್ರಮೀಳಾಗೆ ಹೇಳಿ ಮೈದಾನದ ಗೇಟಿನ ಮುಂದೆ ಮುಖ ತಿರುಗಿಸಿ ನಿಂತ. ಪರಮೇಶಪ್ಪ ಅವನಿಗಿಂತ ಮೊದಲೇ ತಿರುಗಿಯಾಗಿತ್ತು.

ಸೊಕ್ಕೆ ಊರಿನ ಆಟದ ಮೈದಾನಕ್ಕೆ ಎರಡು ಬೀಗ ಬಿದ್ದಿದ್ದವು. ಅರ್ಧ ಜಾಗ ಪಾಲಣ್ಣನ ಅಪ್ಪ ಕೊಟ್ಟದ್ದು, ಇನ್ನರ್ಧ ಪರಮೇಶಪ್ಪನ ಅಪ್ಪ. ಗೇಟಿನ ಹೊಸ ಕಮಾನಿನ ಮೇಲೆ ಯಾರ ಅಪ್ಪನ ಹೆಸರು ಎಂದು ಹತ್ತಿದ ಜಗಳಕ್ಕೆ ಇಬ್ಬರೂ ಒಂದೊಂದು ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು. ಖೋ-ಖೋ ಹುಡುಗಿಯರು ಟಾರು ರಸ್ತೆಯಲ್ಲಿ ಆಡಿ ಮಂಡಿ ಕೆತ್ತಿಕೊಂಡಿದ್ದರು. ಆ ತಂಡದಲ್ಲಿ ಈ ಇಬ್ಬರ ಮೊಮ್ಮಕ್ಕಳೂ ಇದ್ದರು. ಅದಾದರೂ ಮುದುಕರಿಗೆ ನಾಚಿಕೆ ತರಬೇಕಿತ್ತು, ತರಲಿಲ್ಲ.

ಪ್ರಮೀಳಾ ಇದೇ ಮಣ್ಣಿನಲ್ಲಿ ಓಡಿ ರಾಜ್ಯ ಖೋ-ಖೋ ತಂಡದ ನಾಯಕಿಯಾದವಳು, ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೇರಿ, ಹಟ ಹಿಡಿದು ಓದಿ, ಈಗ ದೂರದ ದೇಶವೊಂದರಲ್ಲಿ ಭಾರತದ ರಾಯಭಾರಿ. ರಜೆಗೆ ಊರಿಗೆ ಬಂದವಳು ಸಂಜೆ ವಾಪಸು ಹೊರಡಬೇಕು. ಗೇಟು ತೆರೆಸದೆ ಹೋಗಲು ಮನಸ್ಸಿಲ್ಲ.

"ದೇಶದೇಶಾನೇ ಒಂದು ಮಾಡ್ತೀಯಂತೆ. ನಮ್ಮಿಬ್ರನ್ನ ಒಂದು ಮಾಡು ನೋಡಾಣ," ಪರಮೇಶಪ್ಪ ಕೆಣಕಿದ.

"ಮಾರಿ ನೋಡ್ರಿ ಅಂತ ಯಾರಂದ್ರು ಮಾವ?" ಪ್ರಮೀಳಾ ಹುಡುಗಿಯರಿಂದ ಸುಣ್ಣದ ಪುಡಿ ಇಸಿದುಕೊಂಡು ನೆಲದ ಮೇಲೆ ಪಕ್ಕಪಕ್ಕ ಎರಡು ಚೌಕ ಬರೆದಳು. "ಖೋ-ಖೋದಾಗೆ ಹೆಂಗೆ ಕೂರ್ತಾರೆ? ಒಬ್ರು ಈ ಕಡೆ, ಪಕ್ಕದೋರು ಆ ಕಡೆ. ಹಂಗಂತ ಬ್ಯಾರೆ ಟೀಮೇನು? ದೊಡ್ಡಪ್ಪ, ನೀವು ರಸ್ತೆ ಕಡೆ. ಮಾವ, ನೀವು ಗೇಟ್ ಕಡೆ. ಕೂತ್ಕಳ್ರಿ."

ಒಂದು ಕಾಲದಲ್ಲಿ ಅವಳ ಆಟಕ್ಕೆ ಸಿಳ್ಳೆ ಹೊಡೆದವರೇ ಇಬ್ಬರೂ. ಗೊಣಗುತ್ತಲೇ ಕುಕ್ಕುರುಗಾಲಿನಲ್ಲಿ ಕೂತರು.

"ಕಮಾನಿಗೂ ಎರಡು ಮಗ್ಗಲು ಅದಾವಲ್ಲ? ಆಡಾಕೆ ಬರೋರಿಗೆ ಒಂದು ಹೆಸರು ಕಾಣ್ಲಿ, ಗೆದ್ದು ಹೋಗೋರಿಗೆ ಇನ್ನೊಂದು. ಯಾರಿಗೆ ಯಾವುದು ಹೇಳ್ರಿ."

"ಗೆದ್ದು ಹೋಗೋದು ನಮ್ಮಪ್ಪಂದು!" ಪಾಲಣ್ಣ ಥಟ್ಟನೆ ಅಂದ.

ಪರಮೇಶಪ್ಪ ಗೇಟಿನತ್ತ ಮುಖ ಮಾಡಿಯೇ ಅಂದ: "ತಗಳಪ್ಪ ನೀನೇ. ಆಡಾಕೆ ಬರ್ದೆ ಯಾವನು ಗೆಲ್ತಾನೆ?"

ಜಗಳ ಹತ್ತಿದ ಮೇಲೆ ಇಬ್ಬರ ನಡುವೆ ಆಡಿದ ಮೊದಲ ಮಾತು ಅದು. ಪಾಲಣ್ಣನಿಗೆ ನಗು ತಡೆಯಲಾಗಲಿಲ್ಲ. ಎದ್ದು ಹೋಗಿ ತನ್ನ ಬೀಗ ತೆಗೆದ. ಇನ್ನೊಂದು ಬೀಗ ಹಾಗೆಯೇ ನೇತಾಡುತ್ತಿತ್ತು. ಹುಡುಗಿಯರು ಗೇಟಿನ ಹತ್ತಿರಕ್ಕೆ ಸರಿದರು.

ಪಾಲಣ್ಣ ತಿರುಗಿ ಬಂದ. ಪರಮೇಶಪ್ಪನ ಬೆನ್ನ ಮೇಲೆ ಫಟ್ಟೆಂದು ಬಾರಿಸಿ ಕೂಗಿದ:

"ಖೋ!"

ಹುಡುಗಿಯರ ಸಿಳ್ಳೆಯ ನಡುವೆ ಪರಮೇಶಪ್ಪ ಪಂಚೆ ಎತ್ತಿ ಹಿಡಿದು, ಕೀಲಿ ಬಿಚ್ಚುತ್ತ ಗೇಟಿನತ್ತ ಓಡಿದ. ಅವನು ಬಿಟ್ಟೆದ್ದ ಚೌಕದಲ್ಲಿ ಪಾಲಣ್ಣ, ಆಟದ ನಿಯಮ ತಪ್ಪದ ಹಾಗೆ, ಕುಕ್ಕುರುಗಾಲಿನಲ್ಲಿ ಕೂತ.