ಭಾವನ ರಜೆ

ವನಜ ಬಂಗುಡೆಯ ಕರುಳು ತೆಗೆಯುತ್ತ ಕೂತಿದ್ದಳು. ಅಕ್ಕನನ್ನು ಹೊಡೆದು ಹೊಡೆದೇ ಮಸಣಕ್ಕೆ ಕಳಿಸಿದ ಭಾವ, ಹೊಸ ಹೆಂಡತಿಯನ್ನು ಕಟ್ಟಿಕೊಂಡು ಇವಳೂರಿನ ಕಡಲ ತೀರಕ್ಕೇ ರಜೆಗೆ ಬರುತ್ತೇನೆಂದು ಬರೆದು ತಿಂಗಳಾಗಿತ್ತು. ಇವಳು ಉತ್ತರ ಹಾಕಿರಲಿಲ್ಲ.

“ಬರುದು ಬೇಡ ಅಂತ ಬರ್ದು ಹಾಕು ಮಾರಾಯ್ತಿ,” ಎಂದ ಗಂಡ, ಬಲೆ ಹೊಲಿಯುತ್ತ.

“ಬರ್ಲಿ. ನೆಂಟರನ್ನು ಬೇಡ ಅನ್ನುದುಂಟಾ? ಭಾವನಿಗೆ ಈಜುವ ಹುಚ್ಚು. ಎಲ್ಲಿ ಇಳಿಬಹುದು ಅಂತ ಕೇಳಿದ್ದಾರೆ.”

“ಎಲ್ಲಾದ್ರೂ ಇಳೀಲಿ. ಹೊಳೆ ಸಮುದ್ರ ಸೇರುವ ಅಳಿವೆ ಮಾತ್ರ ಬೇಡ ಅಂತ ಬರಿ. ಅಲ್ಲಿ ಸುಳಿ ಎಳೆದ್ರೆ ಹೆಣವೂ ಸಿಕ್ಕುದಿಲ್ಲ.”

“ಹೌದೌದು, ಅದನ್ನು ಬರೀಲೇಬೇಕು.” ವನಜ ಕೈ ತೊಳೆದು ಎದ್ದಳು.

ಸಂಜೆ ಅಂಚೆ ಡಬ್ಬಿಗೆ ಬಿದ್ದ ಅವಳ ಕಾಗದದಲ್ಲಿ ಹೀಗಿತ್ತು: “ಖಂಡಿತ ಬನ್ನಿ ಭಾವ. ಈಜುವುದಾದರೆ ಸೀದಾ ಅಳಿವೆಗೇ ಇಳಿಯಿರಿ. ಅಲ್ಲಿಯ ನೀರು ಬಹಳ ಸಾಧು.”